ಮರುಭೂಮಿಯ ಕಣಿವೆಗೆ ಇಳಿಯುವ ಮುನ್ನ: ಮಂಗಳೂರಿನಿಂದ ಚೀಲ ಕಟ್ಟುವ ಬಗೆ

"ಅಣ್ಣ ಮಸ್ಕತ್‌ನಲ್ಲಿದ್ದಾನೆ. ಡಿಸೆಂಬರ್ ರಜೆಗೆ ಬಾ, ವಾದಿಗೆ ಇಳಿಯೋಣ ಅಂತಿದ್ದಾನೆ. ಏನೆಲ್ಲ ತರಬೇಕು?" ಕೆಲವೊಮ್ಮೆ ಅಣ್ಣನ ಜಾಗದಲ್ಲಿ ಭಾವ ಇರುತ್ತಾರೆ, ಮಸ್ಕತ್ ಜಾಗದಲ್ಲಿ ದುಬೈ. ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೆ ಒಂದೊಂದು ಸಲ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಎರಡು ಪದ. ವಾದಿ ಅಂದರೆ ಅರಬಿಯಲ್ಲಿ ಮಳೆ ಬಂದಾಗ ಹರಿಯುವ ಹಳ್ಳ, ಅದು ಕೊರೆದ ಕಣಿವೆ. ಬೇಸಿಗೆಯಲ್ಲಿ ಒಣಗುವ ನಮ್ಮ ಕಡೆಯ ತೋಡು ಇದೆಯಲ್ಲ, ಹಾಗೇ. ಆದರೆ ಇದರ ಎರಡೂ ಬದಿ ನೂರಾರು ಅಡಿ ಎತ್ತರದ ಬಂಡೆ ಗೋಡೆ ಇರಬಹುದು. ಇಂಥ ಕಣಿವೆಯ ತಲೆಯಿಂದ ಬುಡದವರೆಗೆ ನಡೆದು, ಹಾರಿ, ಈಜಿ, ಹಗ್ಗದಲ್ಲಿ ಇಳಿದು ದಾಟುವುದೇ ಕ್ಯಾನ್ಯನಿಂಗ್. ಅಮೆರಿಕದವರು ಕ್ಯಾನ್ಯನಿಯರಿಂಗ್ ಅನ್ನುತ್ತಾರೆ.

ಹಗ್ಗದಲ್ಲಿ ಇಳಿಯುವುದನ್ನು ಲೇಖನ ಓದಿ ಕಲಿಯಲು ಆಗುವುದಿಲ್ಲ. ಒಮ್ಮೆಯೂ ಇಳಿಯದವರು ತರಬೇತಾದ ಗೈಡ್ ಜೊತೆಗೇ ಹೋಗಿ. ಹೊರಡುವ ಮುನ್ನ ಸ್ವಲ್ಪ ಅಭ್ಯಾಸ ಬೇಕಿದ್ದರೆ ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಬಂಡೆ ಹತ್ತುವ, ಇಳಿಯುವ ಶಿಬಿರಗಳು ನಡೆಯುತ್ತವೆ. ನಾನು ಇಲ್ಲಿ ಹೇಳುವುದು ಚೀಲದ ವಿಷಯ ಮಾತ್ರ.

ಚೀಲ ಕಟ್ಟುವಾಗ ಕರಾವಳಿಯವರು ಒಂದು ವಿಷಯದಲ್ಲಿ ಮೋಸ ಹೋಗುತ್ತೇವೆ. ನಮ್ಮ ಮೈ ಮರುಭೂಮಿಯಲ್ಲಿ ಸುಳ್ಳು ಹೇಳುತ್ತದೆ. ಇಲ್ಲಿ ಬೆವರಿದರೆ ಅಂಗಿ ಒದ್ದೆ, ಗೊತ್ತಾಗುತ್ತದೆ. ಅಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. "ಬೆವರೇ ಇಲ್ಲ ಮಾರಾಯ, ಆರಾಮ" ಅನ್ನುವಷ್ಟರಲ್ಲಿ ಮೈಯ ನೀರು ಲೀಟರ್ ಲೆಕ್ಕದಲ್ಲಿ ಹೋಗಿರುತ್ತದೆ. ಇನ್ನೊಂದು ಕಡೆ, ಬಿಸಿಲೇ ಬೀಳದ ಇಕ್ಕಟ್ಟಿನ ಸಂದಿಯಲ್ಲಿ ನಿಂತ ನೀರು ಬಾವಿ ನೀರಿಗಿಂತ ತಣ್ಣಗಿರುತ್ತದೆ. ಮೊದಲ ಸಲ ನಾನು ಸೆಖೆಗೆಂದು ಮೂರು ತೆಳು ಟೀ ಶರ್ಟ್ ಕಟ್ಟಿಕೊಂಡು ಹೋಗಿದ್ದೆ. ಮಟಮಟ ಮಧ್ಯಾಹ್ನ ಹಲ್ಲು ಕಟಕಟ ಅನ್ನುತ್ತಾ ನಿಂತಿದ್ದೆ. ಒಂದೇ ಚೀಲದಲ್ಲಿ ಸುಡುಬಿಸಿಲಿಗೂ ನಡುಕಕ್ಕೂ ಜಾಗ ಬೇಕು.

1. ಚೀಲ ತೆಗೆಯುವ ಮೊದಲು ಫೋನ್ ಮಾಡಿ

ಕರೆದವರಿಗೆ ಅಥವಾ ಗೈಡ್‌ಗೆ ನಾಲ್ಕು ವಿಷಯ ಕೇಳಿ. ಈಜುವಷ್ಟು ನೀರು ಇದೆಯಾ? ಹಗ್ಗದಲ್ಲಿ ಇಳಿಯಬೇಕಾದ ಅತಿ ಎತ್ತರದ ಜಾಗ ಎಷ್ಟು ಮೀಟರ್? ಎಷ್ಟು ಗಂಟೆಯ ದಾರಿ, ಮಧ್ಯದಲ್ಲಿ ಹೊರಬರಲು ಆಗುತ್ತದಾ? ಯಾವ ಸಾಮಾನು ಅವರೇ ಕೊಡುತ್ತಾರೆ?

ಉತ್ತರ ಕಣಿವೆಯಿಂದ ಕಣಿವೆಗೆ ಬದಲಾಗುತ್ತದೆ. ಒಮಾನ್‌ನ ವಾದಿ ಶಾಬ್‌ಗೆ ಹಗ್ಗವೇ ಬೇಡ. ನಡೆದು, ಕೊನೆಗೆ ಈಜಿ, ಜಲಪಾತವಿರುವ ಗುಹೆಗೆ ಹೋಗುವುದು. ಲೈಫ್ ಜಾಕೆಟ್ ಮತ್ತು ಒಳ್ಳೆ ಶೂ ಇದ್ದರೆ ಅರ್ಧ ಕೆಲಸ ಮುಗಿಯಿತು. ವಾದಿ ಬನಿ ಔಫ್‌ನ ಸ್ನೇಕ್ ಕ್ಯಾನ್ಯನ್‌ನಲ್ಲಿ ಎತ್ತರದಿಂದ ನೀರಿಗೆ ಹಾರುವುದು, ಈಜುವುದು ಜಾಸ್ತಿ. ಜೋರ್ಡಾನ್‌ನ ವಾದಿ ಮುಜಿಬ್‌ನ ನೀರಿನ ದಾರಿ ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಡಿಸೆಂಬರ್ ರಜೆಗೆ ಅಂತ ಟಿಕೆಟ್ ತೆಗೆದರೆ ಗೇಟ್ ನೋಡಿ ವಾಪಸ್ ಬರಬೇಕು. ಅಮೆರಿಕದ ಯೂಟಾದಲ್ಲಿರುವ ಜಾಯನ್ ರಾಷ್ಟ್ರೀಯ ಉದ್ಯಾನದಲ್ಲಿ ಹಗ್ಗದಿಂದ ಇಳಿಯುವ ಕಣಿವೆಗಳಿಗೆ ಮೊದಲೇ ಪರ್ಮಿಟ್ ಪಡೆಯಬೇಕು.

2. ಮಳೆಯ ಸುದ್ದಿ ನೋಡಿ, ಆಮೇಲೆ ಬಾಕಿ ಎಲ್ಲ

"ಮರುಭೂಮಿಯಲ್ಲಿ ಎಂಥ ಮಳೆ?" ಅಂತ ನಗಬೇಡಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ, ಮಸ್ಕತ್‌ನಲ್ಲಿ ಸುಮಾರು 100. ಆದರೆ ಅಲ್ಲಿ ಬರೀ ಬಂಡೆ. ಮಣ್ಣು, ಗಿಡಮರ ಕಮ್ಮಿ. ಬಿದ್ದ ನೀರು ಇಂಗುವುದಿಲ್ಲ, ಸೀದಾ ಕಣಿವೆಗೆ ನುಗ್ಗುತ್ತದೆ. ನೀವು ನಿಂತ ಜಾಗದಲ್ಲಿ ಬಿಸಿಲು ಹೊಡೆಯುತ್ತಿರಬಹುದು, ಮಳೆ ಬಿದ್ದದ್ದು ಹತ್ತಾರು ಕಿಲೋಮೀಟರ್ ಆಚೆಯ ಬೆಟ್ಟದಲ್ಲಿರಬಹುದು. 1997ರ ಆಗಸ್ಟ್ 12ರಂದು ಅರಿಝೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ಹೀಗೇ ಆಗಿ 11 ಪ್ರವಾಸಿಗರು ತೀರಿಕೊಂಡರು. 2015ರ ಸೆಪ್ಟೆಂಬರ್‌ನಲ್ಲಿ ಜಾಯನ್‌ನ ಕೀಹೋಲ್ ಕ್ಯಾನ್ಯನ್‌ಗೆ ಇಳಿದ ಏಳು ಜನರ ತಂಡದಲ್ಲಿ ಒಬ್ಬರೂ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಒಮಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನವೇ ವಾದಿಯ ನೀರಿನಲ್ಲಿ ಕೊಚ್ಚಿಹೋಯಿತು.

ಕಣಿವೆಗಿಂತ ಮೇಲಿರುವ ಇಡೀ ಬೆಟ್ಟಸಾಲಿನ ಮುನ್ಸೂಚನೆ ನೋಡಿ. ಮಳೆ ಸಾಧ್ಯತೆ ಇದೆ ಅಂತ ಕಂಡರೆ ಆ ದಿನ ಬಿಡಿ. ಈ ವಿಷಯದಲ್ಲಿ ನಿಮ್ಮನ್ನು ಉಳಿಸುವ ಯಾವ ಸಾಮಾನೂ ಅಂಗಡಿಯಲ್ಲಿ ಸಿಗುವುದಿಲ್ಲ.

3. ಬಟ್ಟೆ

ಬಿಸಿಲಿನಲ್ಲಿ ನಡೆಯುವ ಭಾಗಕ್ಕೆ ಸಡಿಲವಾದ ಉದ್ದ ತೋಳಿನ ತೆಳು ಅಂಗಿ, ಉದ್ದ ಪ್ಯಾಂಟ್, ಕುತ್ತಿಗೆಯ ಹಿಂದೆಯೂ ನೆರಳು ಕೊಡುವ ಟೋಪಿ. ಹಳ್ಳಿಗಳ ಪಕ್ಕದಲ್ಲೇ ಹಾದುಹೋಗುವ ವಾದಿಗಳಲ್ಲಿ ಭುಜ, ಮೊಣಕಾಲು ಮುಚ್ಚಿರಲಿ. ಅದು ಅಲ್ಲಿಯವರ ಮರ್ಯಾದೆ.

ನೀರಿನ ಭಾಗಕ್ಕೆ ಹತ್ತಿ ಬಟ್ಟೆ, ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ಭಾರ, ಬೇಗ ಆರುವುದಿಲ್ಲ, ಮೈಯ ಶಾಖ ಹೀರಿ ತೆಗೆಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಅದಕ್ಕೇ ವೆಟ್‌ಸೂಟ್. ಇದು ನಿಯೋಪ್ರೀನ್ ಅನ್ನುವ ರಬ್ಬರಿನ ಮೈಗಂಟುವ ಉಡುಪು. ರಬ್ಬರಿನೊಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳು ಚಳಿಯನ್ನು ತಡೆಯುತ್ತವೆ. ಒಳಗೆ ನುಗ್ಗಿದ ಸ್ವಲ್ಪ ನೀರನ್ನು ಮೈಯೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ಸಡಿಲ ಸೂಟ್ ಆದರೆ ಆ ನೀರು ಹೊರಗೆ ಹೋಗಿ ಹೊಸ ತಣ್ಣೀರು ಬರುತ್ತಲೇ ಇರುತ್ತದೆ, ಪ್ರಯೋಜನ ಇಲ್ಲ. ಆಗಾಗ ಈಜುವ, ಬಿಸಿಲೂ ಬೀಳುವ ಕಣಿವೆಗೆ 3 ಮಿಲಿಮೀಟರ್ ದಪ್ಪದ್ದು ಸಾಕು. ನೆರಳಿನಲ್ಲಿ ಗಂಟೆಗಟ್ಟಲೆ ನೀರಿನಲ್ಲಿರಬೇಕಾದರೆ 4 ಅಥವಾ 5 ಮಿಲಿಮೀಟರ್. ಬಾಡಿಗೆಗೆ ಸಿಗುವುದಾದರೆ ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ.

ಮೂಲ್ಕಿಯಲ್ಲಿ ಸರ್ಫಿಂಗ್ ಮಾಡುವವರು ಹಾಕುವ ತೆಳು ಅಂಗಿ ಇದೆಯಲ್ಲ, ರ‍್ಯಾಶ್ ಗಾರ್ಡ್, ಅದು ಬಿಸಿಲಿಗೆ ಒಳ್ಳೆಯದು. ಚಳಿಗೆ ಆಗುವುದಿಲ್ಲ. ವೆಟ್‌ಸೂಟ್ ಮೇಲೆ ಹಳೆಯ ಚಡ್ಡಿ ಒಂದು ಹಾಕಿಕೊಳ್ಳಿ. ಬಂಡೆಯ ಮೇಲೆ ಕುಂಡೆ ಜಾರಿಸಿಕೊಂಡು ಇಳಿಯುವುದು ತುಂಬಾ ಇರುತ್ತದೆ, ಸೂಟ್ ಹರಿಯುವುದು ಅಲ್ಲೇ. ಮುಗಿಸಿ ಬಂದ ಮೇಲೆ ಹಾಕಿಕೊಳ್ಳಲು ಒಂದು ಜೊತೆ ಒಣ ಬಟ್ಟೆ, ಒಂದು ಬೈರಾಸು ಕಾರಿನಲ್ಲಿ ಬಿಟ್ಟಿರಿ.

ಕೈಬೆರಳಿನ ಉಂಗುರ, ಕರಿಮಣಿ ಸರ ತೆಗೆದಿಟ್ಟು ಹೋಗುವುದು ಒಳ್ಳೆಯದು. ಉದ್ದ ಕೂದಲು, ಉದ್ದ ಗಡ್ಡ, ಟೋಪಿಯ ದಾರ, ಇವೆಲ್ಲ ಹಗ್ಗದ ಜೊತೆ ಇಳಿಯುವ ಸಾಧನದೊಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಕೂದಲನ್ನು ಬಿಗಿಯಾಗಿ ಕಟ್ಟಿ ಅಂಗಿಯೊಳಗೆ ಸೇರಿಸಿ. ಕನ್ನಡಕಕ್ಕೆ ಹಿಂದಿನಿಂದ ಪಟ್ಟಿ ಹಾಕಿ.

4. ಶೂ

ಮಳೆಗಾಲದ ಪ್ಲಾಸ್ಟಿಕ್ ಸ್ಯಾಂಡಲ್ ತರಬೇಡಿ. ಬೆರಳಿಗೆ ರಕ್ಷಣೆ ಇಲ್ಲ, ಒದ್ದೆ ಬಂಡೆಯ ಮೇಲೆ ಸಾಬೂನಿನ ಹಾಗೆ ಜಾರುತ್ತದೆ. ಬೇಕಾಗಿರುವುದು ಬೆರಳು ಮುಚ್ಚುವ, ಮೆದು ರಬ್ಬರ್ ಅಟ್ಟೆಯ, ನೀರು ಹೊರಗೆ ಬಿಡುವ ಶೂ. ಪರೀಕ್ಷೆಗೆ ಮನೆಯಂಗಳದ ಒಗೆಯುವ ಕಲ್ಲೇ ಸಾಕು. ನೀರು ಹೊಯ್ದು ಅದರ ಇಳಿಜಾರಿನಲ್ಲಿ ಶೂ ಒತ್ತಿ ನೋಡಿ. ಅಲ್ಲೇ ಜಾರಿದರೆ ವಾದಿಯಲ್ಲಿ ಕೇಳುವುದೇ ಬೇಡ.

ಹೊಸ ಶೂ ನೇರ ಕಣಿವೆಗೆ ಬೇಡ. ಒಂದು ವಾರ ಹಾಕಿ ನಡೆದಾಡಿ, ಒಮ್ಮೆಯಾದರೂ ಪೂರ್ತಿ ಒದ್ದೆ ಮಾಡಿ ನಡೆಯಿರಿ. ಒಳಗೆ ನಿಯೋಪ್ರೀನ್ ಸಾಕ್ಸ್ ಹಾಕುವುದಾದರೆ ಅಳತೆ ನೋಡುವಾಗಲೇ ಹಾಕಿಕೊಂಡು ನೋಡಿ.

5. ಹಗ್ಗ ಮತ್ತು ಲೋಹದ ಸಾಮಾನು

ಜಾಸ್ತಿ ತಪ್ಪು ಆಗುವುದು ಇಲ್ಲಿ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

"ಮಲ್ಪೆಯಲ್ಲಿ ದೋಣಿ ಕಟ್ಟುವ ಹಗ್ಗ ಟನ್‌ಗಟ್ಟಲೆ ಎಳೆಯುತ್ತದೆ, ಅದೇ ತಂದರೆ ಆಗದಾ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ! ಆಗುವುದಿಲ್ಲ. ದೋಣಿ, ಬಲೆಗಳಿಗೆ ಬಳಸುವ ಬಹಳಷ್ಟು ಹಗ್ಗ ಪಾಲಿಪ್ರೊಪಿಲೀನ್ ಅಥವಾ ಅದರ ನಂಟಿನ ಪ್ಲಾಸ್ಟಿಕ್. ತೇಲುತ್ತದೆ, ಅಗ್ಗ, ದೋಣಿಗೆ ಸರಿ. ಆದರೆ ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಶಾಖಕ್ಕೇ ಕರಗುತ್ತದೆ. ನೈಲಾನ್ ಕರಗಲು 220 ಡಿಗ್ರಿ ದಾಟಬೇಕು. ಹಗ್ಗದಲ್ಲಿ ಇಳಿಯುವಾಗ ಉಜ್ಜಾಟದಿಂದ ಲೋಹ ಕೈ ಸುಡುವಷ್ಟು ಬಿಸಿಯಾಗುತ್ತದೆ. ಮೇಲಾಗಿ ಆ ಹಗ್ಗವನ್ನು ಮನುಷ್ಯನ ಜೀವ ತೂಗಲು ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಬೇಕಾದದ್ದು ಸ್ಟ್ಯಾಟಿಕ್ ಅಥವಾ ಸೆಮಿ ಸ್ಟ್ಯಾಟಿಕ್ ಹಗ್ಗ, ಅಂದರೆ ತುಂಬಾ ಕಮ್ಮಿ ಎಳೆದುಕೊಳ್ಳುವ ಹಗ್ಗ. ಸಾಮಾನ್ಯವಾಗಿ 9ರಿಂದ 10 ಮಿಲಿಮೀಟರ್ ದಪ್ಪ. ಬಂಡೆ ಹತ್ತುವವರ ಡೈನಾಮಿಕ್ ಹಗ್ಗ ಬೇರೆ. ಬಿದ್ದಾಗ ಜರ್ಕ್ ಆಗದಿರಲಿ ಅಂತ ಅದು ರಬ್ಬರಿನ ಹಾಗೆ ಹಿಗ್ಗುತ್ತದೆ. ಇಳಿಯುವಾಗ ಅದು ಬಂಡೆಯ ಅಂಚಿನಲ್ಲಿ ಗರಗಸದ ಹಾಗೆ ಮೇಲೆ ಕೆಳಗೆ ಉಜ್ಜುತ್ತದೆ.

ಉದ್ದದ ಲೆಕ್ಕ ಹೀಗೆ. 30 ಮೀಟರ್ ಇಳಿಯಬೇಕಾದರೆ 30 ಮೀಟರ್ ಹಗ್ಗ ಸಾಲುವುದಿಲ್ಲ. ಕೆಳಗೆ ಇಳಿದ ಮೇಲೆ ಹಗ್ಗವನ್ನು ಎಳೆದು ತೆಗೆದುಕೊಳ್ಳಬೇಕಲ್ಲ? ಆದ್ದರಿಂದ ಎರಡು ಮಡಿಸಿ 60 ಮೀಟರ್ ಬೇಕು. ಇಲ್ಲವೇ 30 ಮೀಟರ್ ಹಗ್ಗದ ಜೊತೆ ಅಷ್ಟೇ ಉದ್ದದ ಸಣ್ಣ ಎಳೆಹಗ್ಗ. ಅದರ ಮೇಲೆ ಸ್ವಲ್ಪ ಹೆಚ್ಚೇ ಇರಲಿ. 60 ಮೀಟರ್ ಹಗ್ಗ ಒಣಗಿದ್ದಾಗಲೇ ಮೂರೂವರೆ ಕಿಲೋ ಹತ್ತಿರ ಬರುತ್ತದೆ, ಒದ್ದೆಯಾದರೆ ಇನ್ನೂ ಭಾರ. ಗೈಡ್ ಜೊತೆ ಹೋಗುವವರು ಹಗ್ಗದ ಗೋಜಿಗೆ ಹೋಗಬೇಡಿ. ಅದು ಅವರ ಜವಾಬ್ದಾರಿ.

ನಿಮ್ಮದೇ ಆಗಿದ್ದರೆ ಒಳ್ಳೆಯದು ಅನ್ನುವ ಸಾಮಾನು ಇವು:

ಹೆಲ್ಮೆಟ್. ಬೈಕ್ ಹೆಲ್ಮೆಟ್ ಅಲ್ಲ. ಅದು ಭಾರ, ಕಿವಿ ಮುಚ್ಚುತ್ತದೆ, ನೀರು ತುಂಬಿಕೊಳ್ಳುತ್ತದೆ. ಪರ್ವತಾರೋಹಣದ ಹೆಲ್ಮೆಟ್ ಒಳಗೆ ಇಎನ್ 12492 ಅನ್ನುವ ಗುರುತು ಇರುತ್ತದೆ, ಅದನ್ನು ನೋಡಿ ತೆಗೆದುಕೊಳ್ಳಿ.

ಹಾರ್ನೆಸ್, ಅಂದರೆ ಸೊಂಟ ಮತ್ತು ತೊಡೆಗೆ ಕಟ್ಟುವ ಪಟ್ಟಿ. ಕ್ಯಾನ್ಯನಿಂಗ್‌ಗೆಂದೇ ಮಾಡಿದ್ದರಲ್ಲಿ ಹಿಂಭಾಗಕ್ಕೆ ದಪ್ಪ ಪಿವಿಸಿ ಹೊದಿಕೆ ಇರುತ್ತದೆ. ವೆಟ್‌ಸೂಟ್ ಮೇಲೆ ಹಾಕಿ ಅಳತೆ ನೋಡಿ.

ಇಳಿಯುವ ಸಾಧನ. ಎಂಟರ ಆಕಾರದ ಲೋಹದ ಬಳೆ, ಅಥವಾ ಅದರ ಸುಧಾರಿತ ರೂಪ. ಹಗ್ಗ ಇದರಲ್ಲಿ ಸುತ್ತಿ ಹಾದು ನಿಮ್ಮ ವೇಗ ತಡೆಯುತ್ತದೆ.

ಲಾಕ್ ಇರುವ ಕ್ಯಾರಬೈನರ್ ಮೂರ‍್ನಾಲ್ಕು. ಕ್ಯಾರಬೈನರ್ ಅಂದರೆ ಬಾಗಿಲಿರುವ ಲೋಹದ ಕೊಂಡಿ. ಇಲ್ಲೊಂದು ಮೋಸ ಇದೆ. ಬ್ಯಾಗ್ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ನೂರು ರೂಪಾಯಿಗೆ ಬಣ್ಣ ಬಣ್ಣದ ಕೊಂಡಿ ಸಿಗುತ್ತದೆ. ನೋಡಲು ಥೇಟ್ ಅದೇ. ಅವು ಕೀ ಗೊಂಚಲಿಗೆ. ಅಸಲಿ ಕೊಂಡಿಯ ಮೈಮೇಲೆ ಅದರ ಬಲವನ್ನು ಕಿಲೋನ್ಯೂಟನ್ ಲೆಕ್ಕದಲ್ಲಿ ಕೆತ್ತಿರುತ್ತಾರೆ. 22 ಅಂತಿದ್ದರೆ ಉದ್ದಕ್ಕೆ ಎಳೆದಾಗ ಸುಮಾರು 2,200 ಕಿಲೋ ತೂಕ ತಡೆಯುತ್ತದೆ ಅಂತ ಅರ್ಥ. ಕೆತ್ತನೆ ಇಲ್ಲದ ಕೊಂಡಿಗೆ ನೀರಿನ ಬಾಟಲಿ ನೇತುಹಾಕಿ, ನೀವು ನೇತಾಡಬೇಡಿ.

ಕೈಗವಸು. ಇದಕ್ಕೆ ಮಾತ್ರ ದುಡ್ಡು ಸುರಿಯಬೇಕಾಗಿಲ್ಲ. ಬಂದರಿನ ಹಾರ್ಡ್‌ವೇರ್ ಅಂಗಡಿಯ ಚರ್ಮದ ಕೈಗವಸು ಕೈಗೆ ಸರಿಯಾಗಿ ಕೂತರೆ ನಡೆಯುತ್ತದೆ.

ಚಿಕ್ಕ ಚಾಕು ಒಂದು, ಮಡಿಸುವಂಥದ್ದು. ಕೂದಲೋ ಬಟ್ಟೆಯೋ ಸಿಕ್ಕಿಹಾಕಿಕೊಂಡರೆ ಬೇಕು. ಭಾರ ಬಿದ್ದಿರುವ ಹಗ್ಗಕ್ಕೆ ಚಾಕು ತಾಗಿದರೆ ಸಾಕು, ತುಂಡಾಗುತ್ತದೆ. ಹಾಗಾಗಿ ಮೈಮರೆತು ಬಳಸುವ ಸಾಧನ ಅಲ್ಲ ಅದು.

ಸೆಕೆಂಡ್ ಹ್ಯಾಂಡ್ ಹಗ್ಗ, ಹಾರ್ನೆಸ್ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ಬಿಸಿಲು, ರಾಸಾಯನಿಕ ತಿಂದ ನೈಲಾನ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಕೆಲವು ಕಣಿವೆಗಳಲ್ಲಿ ನುಣುಪು ಗೋಡೆಯ ಗುಂಡಿಗಳಿರುತ್ತವೆ. ನೀರು ಕಮ್ಮಿಯಿದ್ದಾಗ ಅಂಚು ಕೈಗೆಟುಕುವುದಿಲ್ಲ. ಬಾವಿಗೆ ಬಿದ್ದ ಬೆಕ್ಕಿನ ಸ್ಥಿತಿ. ಯೂಟಾ ಕಡೆ ಇವನ್ನು ಕೀಪರ್ ಪಾಟ್‌ಹೋಲ್ ಅನ್ನುತ್ತಾರೆ, ಅಂದರೆ ಹಿಡಿದಿಟ್ಟುಕೊಳ್ಳುವ ಗುಂಡಿ. ಅದರಿಂದ ಹೊರಬರಲು ಕೊಕ್ಕೆ, ಎಸೆಯುವ ಚೀಲ ಅಂತ ಬೇರೆಯೇ ಸಾಮಾನು, ಬೇರೆಯೇ ವಿದ್ಯೆ ಇದೆ. ಹೊಸಬರು ಅಂಥ ಕಣಿವೆಗೆ ಹೋಗದಿರುವುದೇ ಸರಿ.

6. ನೀರು, ತಿಂಡಿ

ಇಡೀ ದಿನಕ್ಕೆ ಒಬ್ಬರಿಗೆ ನಾಲ್ಕರಿಂದ ಐದು ಲೀಟರ್. ಅಷ್ಟು ಭಾರ ಯಾರು ಹೊರುವುದು ಅಂತ ಎರಡು ಬಾಟಲಿ ಹಿಡಿದು ಹೊರಡಬೇಡಿ. ಕಾರಿನಿಂದ ಇಳಿಯುವ ಮೊದಲೇ ಅರ್ಧ ಲೀಟರ್ ಕುಡಿಯಿರಿ. ವಾದಿಯ ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೂ ಮೇಲೆ ಆಡುಗಳು ಅಡ್ಡಾಡಿರುತ್ತವೆ. ತುರ್ತಿಗೆ ಅಂತ ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ ಇರಲಿ.

ಬರೀ ನೀರು ಕುಡಿಯುತ್ತಾ ಹೋದರೂ ತೊಂದರೆ. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರದಿದ್ದರೆ ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಮೆಡಿಕಲ್‌ನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ. ಒಂದು ಲೀಟರ್‌ನ ಪೊಟ್ಟಣವನ್ನು ಒಂದು ಲೀಟರ್‌ಗೇ ಕಲಸಿ, ಗಟ್ಟಿ ಮಾಡಬೇಡಿ.

ತಿಂಡಿಯಲ್ಲಿ ನಮ್ಮ ಊರಿನದ್ದೇ ಸಾಕಷ್ಟು ಇದೆ. ಕಡಲೆ ಚಿಕ್ಕಿ, ಖಾರ ಅವಲಕ್ಕಿ, ಬಾಳೆಕಾಯಿ ಚಿಪ್ಸ್. ಉಪ್ಪಿಗೆ ಉಪ್ಪು, ಶಕ್ತಿಗೆ ಶಕ್ತಿ. ಖರ್ಜೂರ ಅಲ್ಲೇ ಕೊಳ್ಳಿ, ಇಲ್ಲಿಂದ ಹೊರುವುದು ತಮಾಷೆಯಾಗುತ್ತದೆ. ಚಾಕೊಲೇಟ್ ಕಾರಿನಲ್ಲೇ ಕರಗಿ ಪಾಯಸ ಆಗಿರುತ್ತದೆ.

7. ಸಣ್ಣ ಪುಟ್ಟ, ಆದರೆ ಬಿಡಬಾರದ್ದು

ಹಣೆಗೆ ಕಟ್ಟುವ ಟಾರ್ಚ್, ಹಗಲಿನ ಪ್ರವಾಸ ಆದರೂ. ಸೀಟಿ, ಏಕೆಂದರೆ ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ. ಸನ್‌ಸ್ಕ್ರೀನ್. ಬ್ಯಾಂಡೇಜ್, ಕ್ರೇಪ್ ಪಟ್ಟಿ, ಚಿಮಟ, ನಿಮ್ಮ ದಿನದ ಮಾತ್ರೆ. ಥಳಥಳ ಹೊಳೆಯುವ ತುರ್ತು ಹೊದಿಕೆ ಒಂದು, ಅಂಗೈಯಷ್ಟು ಜಾಗ ಸಾಕು, ನಡುಗುವವರಿಗೆ ಸುತ್ತಲು. ಗಟ್ಟಿ ಜಿಪ್ ಚೀಲ ಕೆಲವು. ಕಣಿವೆಯಲ್ಲಿ ಮಲವಿಸರ್ಜನೆ ಮಾಡಿದರೆ ಅದನ್ನೂ ಕಟ್ಟಿ ಹೊರಗೆ ತರಬೇಕು. ಮುಖ ಸಿಂಡರಿಸಬೇಡಿ. ಕೆಳಗಿನ ಹಳ್ಳಿಯ ತೋಟಕ್ಕೆ ಹೋಗುವುದು ಅದೇ ನೀರು.

ಆಳದ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಎಲ್ಲಿಗೆ, ಯಾರ ಜೊತೆ, ಎಷ್ಟು ಗಂಟೆಗೆ ವಾಪಸ್, ಎಷ್ಟು ಗಂಟೆಯಾದರೆ ಪೊಲೀಸರಿಗೆ ಹೇಳಬೇಕು, ಇಷ್ಟನ್ನು ಬರೆದು ಅತ್ತಿಗೆಯ ಕೈಗೆ ಕೊಟ್ಟು ಹೊರಡಿ. ಒಮಾನ್‌ನಲ್ಲಿ ತುರ್ತು ಸಂಖ್ಯೆ 9999. 2003ರಲ್ಲಿ ಯೂಟಾದ ಬ್ಲೂ ಜಾನ್ ಕ್ಯಾನ್ಯನ್‌ನಲ್ಲಿ ಆರನ್ ರಾಲ್‌ಸ್ಟನ್ ಅವರ ಕೈ ಬಂಡೆಯಡಿ ಸಿಕ್ಕಿತು. ಎಲ್ಲಿಗೆ ಹೋಗುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ. ಐದು ದಿನ ಕಳೆದ ಮೇಲೆ ತಮ್ಮ ಕೈಯನ್ನೇ ಕತ್ತರಿಸಿಕೊಂಡು ಹೊರಬಂದರು.

ಸ್ಯಾಟಲೈಟ್ ಫೋನ್ ಅಥವಾ ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ತರಹದ ಸಾಧನ ಕೊಂಡು ಇಲ್ಲಿಂದ ಒಯ್ಯುವ ಯೋಚನೆ ಇದ್ದರೆ ಬಿಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನ ನಿಲ್ದಾಣಗಳಲ್ಲಿ ಇದೇ ಕಾರಣಕ್ಕೆ ಜನ ಸಿಕ್ಕಿಬಿದ್ದದ್ದುಂಟು.

8. ತುಂಬುವುದು

ಮಾಮೂಲಿ ಬೆನ್ನುಚೀಲ ನೀರಿನಲ್ಲಿ ಮುಳುಗಿ ಎದ್ದರೆ ಬಕೆಟ್ ಹೊತ್ತ ಹಾಗೆ. ಕ್ಯಾನ್ಯನಿಂಗ್ ಚೀಲದ ತಳದಲ್ಲಿ ನೀರು ಸೋರಲು ತೂತುಗಳಿರುತ್ತವೆ. ಒಳಗೆ ಡ್ರೈ ಬ್ಯಾಗ್, ಅಂದರೆ ಬಾಯಿ ಸುತ್ತಿ ಮುಚ್ಚುವ, ನೀರು ಹೋಗದ ಚೀಲ. ಬಾಯಿಯನ್ನು ಕಮ್ಮಿ ಅಂದರೂ ಮೂರು ಸುತ್ತು ಸುತ್ತಬೇಕು. ಹೊರಡುವ ಹಿಂದಿನ ವಾರ ಟಿಶ್ಯೂ ಪೇಪರ್ ಒಳಗಿಟ್ಟು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕಾಗದ ಒದ್ದೆಯಾದರೆ ಫೋನ್ ಇಡುವ ಚೀಲ ಅದಲ್ಲ.

ಭಾರದ್ದು ಬೆನ್ನಿಗೆ ಹತ್ತಿರ. ಟಾರ್ಚ್, ತುರ್ತು ಹೊದಿಕೆ, ತಿಂಡಿ ಮೇಲೆ. ಸೀಟಿ ಚೀಲದಲ್ಲಿ ಬೇಡ, ಮೈಮೇಲೇ ಇರಲಿ. ಹೊರಗೆ ಏನನ್ನೂ ನೇತುಹಾಕಬೇಡಿ. ಸಂದಿ ಎಷ್ಟು ಇಕ್ಕಟ್ಟು ಅಂದರೆ ಅಡ್ಡ ತಿರುಗಿ ಹೋಗಬೇಕಾಗುತ್ತದೆ, ನೇತಾಡುವ ಬಾಟಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತುಂಬಿದ ಮೇಲೆ ಚೀಲ ಹೊತ್ತು ಮನೆಯ ಮೆಟ್ಟಿಲು ಹತ್ತು ಸಲ ಹತ್ತಿಳಿಯಿರಿ. ಬೇಡದ್ದು ಯಾವುದು ಅಂತ ಬೆನ್ನೇ ಹೇಳುತ್ತದೆ.

9. ಬಜ್ಪೆಯಲ್ಲಿ

ಚಾಕು, ಕ್ಯಾರಬೈನರ್, ಹಗ್ಗ ಎಲ್ಲ ಚೆಕ್ ಇನ್ ಲಗೇಜ್‌ಗೆ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು. ಒಲೆಯ ಗ್ಯಾಸ್ ಕ್ಯಾನ್ ಎರಡರಲ್ಲೂ ಬೇಡ. ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಶೂ ಭಾರ ಆದರೆ ಕಾಲಿಗೇ ಹಾಕಿಕೊಂಡು ಹೋಗಿ.

ದುಬೈ ಕಡೆ ಹೋಗುವವರಿಗೆ ಇನ್ನೊಂದು ಮಾತು. ಯುಎಇಯಲ್ಲಿ ಗಸಗಸೆ ನಿಷೇಧ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಅಂಟಿನುಂಡೆಯಲ್ಲಿ ಗಸಗಸೆ ಹಾಕಿದ್ದಾರಾ ಅಂತ ಕೇಳಿಯೇ ಹೊರಡಿ. ಕೊಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಸುಮ್ನೆ ಒಯ್ಯಬೇಡಿ, ಅವಕ್ಕೆ ಅಲ್ಲಿ ಅನುಮತಿ ಬೇಕು. ಬೇರೆ ಮಾತ್ರೆಗಳಿಗೂ ಡಾಕ್ಟರ ಚೀಟಿ ಜೊತೆಗಿರಲಿ.

10. ವಾಪಸ್ ಬಂದ ಮೇಲೆ

ಮರುಭೂಮಿಯಲ್ಲಿ ಹಾಳಾಗದ ಸಾಮಾನು ನಮ್ಮ ಜೂನ್ ತಿಂಗಳಲ್ಲಿ ಹಾಳಾಗುತ್ತದೆ. ಹಗ್ಗದ ಎಳೆಗಳ ನಡುವೆ ಸೇರಿದ ಮರಳು ಒಳಗಿನಿಂದ ಕೊಯ್ಯುತ್ತಿರುತ್ತದೆ. ಅದಕ್ಕೇ ಎರಡು ಮೂರು ನೀರಿನಲ್ಲಿ ಅಲ್ಲಾಡಿಸಿ ತೊಳೆಯಿರಿ, ಬ್ಲೀಚ್ ಬೇಡ. ನೆರಳಿನಲ್ಲಿ ಒಣಗಿಸಿ. ವೆಟ್‌ಸೂಟ್ ಒಳಮೈ ಹೊರಗೆ ಮಾಡಿ ಒಣಗಿಸದಿದ್ದರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಕ್ಯಾರಬೈನರ್‌ನ ಬಾಗಿಲು ಕಡಲಗಾಳಿಗೆ ಗಟ್ಟಿಯಾಗುತ್ತದೆ, ತೊಳೆದು ಆಗಾಗ ಆಡಿಸಿ ನೋಡುತ್ತಿರಿ.

ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಬಟ್ಟೆ ಚೀಲದಲ್ಲಿ ಹಾಕಿ ಕಪಾಟಿನಲ್ಲಿಡಿ. ಇನ್ವರ್ಟರ್ ಬ್ಯಾಟರಿ ಇರುವ ಮೂಲೆಯಲ್ಲಿ ಮಾತ್ರ ಇಡಬೇಡಿ. ಬ್ಯಾಟರಿಯ ಆಸಿಡ್ ಹಬೆ ಸೋಕಿದರೂ ನೈಲಾನ್ ಸಾಯುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ.